ಬೆನ್ನಿಗೆ ನಾಟಿದ ಬಾಣ

ಬೆನ್ನಿಗೆ ಬಾಣ ನಾಟಿದ್ದ ಜಿಂಕೆಯೊಂದು ಅಮೆರಿಕದ ರಾಚೆಸ್ಟರ್ ಹಿಲ್ಸ್‌ ಊರಿನ ನಮ್ಮ ಹಿತ್ತಲಿಗೆ ಬಂದು ಕುಸಿಯಿತು. ಹಿಂದೆಯೇ ಬಿಲ್ಲು ಹಿಡಿದು ಏದುಸಿರು ಬಿಡುತ್ತ ಓಡಿಬಂದವನು ಪಕ್ಕದ ಬೀದಿಯಲ್ಲಿದ್ದ, ಮೈಸೂರು ಕಡೆಯ ಸೋಮಣ್ಣ. ಆರ್ಥಿಕ ಹಿಂಜರಿತದಲ್ಲಿ ಕಾರು ಕಂಪನಿಯ ಕೆಲಸ ಹೋದ ಮೇಲೆ, ಚಳಿಗಾಲಕ್ಕೆ ಮನೆಗೆ ಮಾಂಸವಾದರೂ ಒದಗಲೆಂದು ಅವನು ಬೇಟೆ ಕಲಿಯುತ್ತಿದ್ದ.

“ಮರದ ಮೇಲಿಂದ ಕೆಳಕ್ಕೆ ಹೊಡೆಯೋವಾಗ ಸೊಂಟ ಬಗ್ಗಿಸ್ಬೇಕಿತ್ತು ಅಕ್ಕ. ಬರೀ ಕೈ ಇಳಿಸ್ಬಿಟ್ಟೆ, ಗುರಿ ತಪ್ತು,” ಎಂದ. ಒಂದೇ ಏಟಿಗೆ ಹೋಗಬೇಕಿದ್ದ ಜೀವ ಒದ್ದಾಡುತ್ತಿತ್ತು. ನಾನು ತಂದುಕೊಟ್ಟ ನೀರನ್ನು ಅದರ ಬಾಯಿಗೆ ಹನಿಸಿದ, ಅದು ಕುಡಿಯಲಿಲ್ಲ. ಉಸಿರು ನಿಲ್ಲುವವರೆಗೂ ಕತ್ತು ಸವರುತ್ತ ಕೂತಿದ್ದ.

ಆ ಚಳಿಗಾಲವೆಲ್ಲ ಸೋಮಣ್ಣ ತನ್ನ ಹಿತ್ತಲಲ್ಲಿ ಏಣಿ ಹತ್ತಿ ಹುಲ್ಲಿನ ಪಿಂಡಿಗೆ ಬಾಣ ಬಿಡುತ್ತಿದ್ದ. ಬರಬರುತ್ತ ಒಂದೂ ತಪ್ಪುತ್ತಿರಲಿಲ್ಲ. ಕಾಡಿಗೆ ಮಾತ್ರ ಅವನು ಮತ್ತೆ ಹೋಗಲಿಲ್ಲ.