ಒಂದು ಪಾಲು ಮಸಿ, ಮೂರು ಪಾಲು ನೀರು

ಮಸಿಯಮ್ಮ ಎಂಬ ಹೆಸರಿಟ್ಟವರು ಯಾರೋ, ಅದು ಅಂಟಿಕೊಂಡದ್ದು ಮಾತ್ರ ಉಗುರಿನ ಸಂದಿಯ ಕಪ್ಪಿನಂತೆ. ಹನ್ನೊಂದು ವರ್ಷದಿಂದ ಅವಳದು ಒಂದೇ ಕೆಲಸ. ಕುಲುಮೆ ತಣ್ಣಗಾಗುವವರೆಗೆ ಕಾಯಬೇಕು, ಒಳಗಿನ ಕಬ್ಬಿಣದ ನಾರಿಗೆ ಹತ್ತಿದ ಮಸಿಯನ್ನು ಕೆರೆದು ತೆಗೆಯಬೇಕು.

ಕುಲುಮೆಯ ಆಚೆ, ಗಾಳಿಯಾಡದಂತೆ ಮುಚ್ಚಿದ ಕೋಣೆ. ಬಾಹ್ಯಾಕಾಶ ಯಾನದ ಪರೀಕ್ಷೆಗೆಂದು ಅದರಲ್ಲಿ ನಾಲ್ವರು ಮೂವತ್ತು ದಿನ ಬದುಕಿ ತೋರಿಸಬೇಕು. ಅವರು ಉಸಿರು ಬಿಟ್ಟ ಇಂಗಾಲದ ಡೈಆಕ್ಸೈಡ್ ಕೊಳವೆಯಲ್ಲಿ ಬಂದು, ಜಲಜನಕದ ಜೊತೆ ಕಾದು, ಮಸಿಯೂ ನೀರೂ ಆಗುತ್ತದೆ. ಆಗದೆ ಉಳಿದ ಗಾಳಿ ಕೋಣೆಯ ಒಳಗೋಡೆಗುಂಟ ಕೊಳವೆಯಲ್ಲಿ ಸುತ್ತಿ ಮತ್ತೆ ಕುಲುಮೆಗೇ ಬರುತ್ತದೆ. ದೊಡ್ಡವರ ಕಣ್ಣೆಲ್ಲ ನೀರಿನ ಮೇಲೆ. ಮಸಿ ಕಸ. ಆದರೆ ಮಸಿಯಮ್ಮ ಕಸವನ್ನೂ ತೂಗಿಯೇ ಎಸೆಯುವವಳು. ಮಸಿ ಒಂದು ಪಾಲಾದರೆ ನೀರು ಮೂರು ಪಾಲು. ಅವಳಿಗೆ ಗೊತ್ತಿದ್ದ ವಿಜ್ಞಾನ ಇಷ್ಟೇ.

ಈ ಸಲ ಒಳಗೆ ಹೋದವರಲ್ಲಿ ಅವಳ ತಮ್ಮನ ಮಗಳೂ ಇದ್ದಳು. ಹುಡುಗಿಗೆ ಜಡೆ ಹಾಕಿ ಬೆಳೆಸಿದ್ದು ಇದೇ ಕಪ್ಪು ಕೈ.

ಹತ್ತೊಂಬತ್ತನೆಯ ದಿನ ಒಂದು ಕಿಲೋ ಬರಬೇಕಿದ್ದ ಮಸಿ ಎಂಟುನೂರು ಗ್ರಾಂ ಬಂತು. ನೀರು ಎರಡು ಲೀಟರ್ ಏಳುನೂರು. ಎಂಟುನೂರಕ್ಕೆ ಬರಬೇಕಾದದ್ದು ಎರಡು ಲೀಟರ್ ನಾನೂರು ತಾನೆ! ಅವಳಿಗೆ ಮೊದಲು ನೆನಪಾದದ್ದು ಇನ್ನೊಂದು ಪಾಳಿಯವನ ಸೋಮಾರಿತನ.

"ಏನೋ, ಅರ್ಧ ಮಸಿ ಒಳಗೇ ಬಿಟ್ಟು ಮನೆಗೆ ಓಡ್ತೀಯಾ?"

"ನಿನ್ನಾಣೆ ಅಕ್ಕಾ, ನನ್ನ ಮೈ ಮೇಲೆ ಬಿದ್ದಿದ್ದನ್ನೂ ಕೊಡವಿ ಹಾಕಿದ್ದೀನಿ!"

ಅವನನ್ನು ಬೈಯುವುದರಲ್ಲೇ ಎರಡು ದಿನ ಕಳೆದವು. ಮಸಿ ಇನ್ನೂ ಇಳಿಯಿತು. ಎಂಜಿನಿಯರ್ ನಕ್ಕ. "ನೀರು ಬರ್ತಿದೆಯಲ್ಲಮ್ಮ? ನಿಮ್ಮ ತಕ್ಕಡಿಗೇ ಮಸಿ ಹಿಡಿದಿರಬೇಕು."

ಅವಳು ತಕ್ಕಡಿ ತೊಳೆದಳು. ಮಸಿ ಅಷ್ಟೇ ತೂಗಿತು.

ಇಪ್ಪತ್ತೊಂದನೆಯ ದಿನ ಗಾಜಿನ ಕಿಂಡಿಯ ಪಕ್ಕದ ಫೋನಿನಲ್ಲಿ ಹುಡುಗಿಯ ದನಿ ಜೋಲುತ್ತಿತ್ತು.

"ತಲೆ ಸೀಳ್ತಿದೆ ಅತ್ತೆ. ಎಲ್ಲರಿಗೂ. ನಿದ್ದೆ ಕೆಟ್ಟಿದ್ದಕ್ಕೇ ಇರಬೇಕು."

"ನಿದ್ದೆ ಕೆಟ್ಟಿದ್ಯಾ? ಹಗಲೆಲ್ಲ ಮಲಗೇ ಇರ್ತೀಯಲ್ಲೇ!"

ಮಸಿಯಮ್ಮ ಕುಲುಮೆಯನ್ನು ತಣ್ಣಗೆ ಮಾಡಿಸಿ, ಭುಜದವರೆಗೆ ಕೈ ತೂರಿಸಿ ಮೂಲೆಮೂಲೆ ತಡವಿದಳು. ಕೊಳವೆಯ ಬಾಯಿಗೂ ಬೆರಳು ಹಾಕಿದಳು. ಎಲ್ಲೂ ಮಸಿ ಕಟ್ಟಿರಲಿಲ್ಲ. ಪಾಳಿಯವನು ಕಳ್ಳನಲ್ಲ, ತಕ್ಕಡಿಯೂ ಸುಳ್ಳಲ್ಲ. ಹಾಗಾದರೆ ಇಂಗಾಲ ಮಸಿಯಾಗದೆಯೇ, ಅರ್ಧಕ್ಕೇ ನಿಂತು, ಗಾಳಿಯಾಗಿಯೇ ಹೊರಟಿದೆ.

ಅವಳ ಗಂಡನ ತಾಯಿ ಸತ್ತದ್ದು ಒಂದು ಚಳಿಗಾಲ, ಬಾಗಿಲು ಮುಚ್ಚಿ ಇದ್ದಿಲ ಒಲೆ ಇಟ್ಟುಕೊಂಡು. ಹೊಗೆಯಿಲ್ಲ, ವಾಸನೆಯಿಲ್ಲ. ಸಂಜೆ ತಲೆನೋವೆಂದು ಮಲಗಿದವಳು ಏಳಲೇ ಇಲ್ಲ. ಅರೆಬೆಂದ ಇದ್ದಿಲಿನ ಗಾಳಿ ಎಂದಿದ್ದರು ಡಾಕ್ಟರು. ಗೋಡೆಗುಂಟ ಸುತ್ತುವ ಆ ಕೊಳವೆಯ ಒಂದು ಬೆಸುಗೆ ಸಡಿಲವಾದರೆ ಸಾಕು, ಅಂಥದೇ ಗಾಳಿ ಕೋಣೆಯೊಳಗೆ ಸೋರುತ್ತದೆ.

ಎಂಜಿನಿಯರನ ಬಳಿ ಓಡಿದಳು. "ಒಳಗಿನ ಮೀಟರ್ ಎಲ್ಲಾ ಸರಿ ತೋರಿಸ್ತಿದೆ" ಎಂದ. ಆ ಮೀಟರಿಗೆ ಉಸಿರಿನ ಗಾಳಿ ಒಂದೇ ಗೊತ್ತು, ಅರೆಬೆಂದದ್ದು ಗೊತ್ತಿಲ್ಲ. "ಬಾಗಿಲು ತೆಗೆದರೆ ಮೂವತ್ತು ದಿನ ಮೊದಲಿಂದ ಎಣಿಸ್ಬೇಕಮ್ಮ. ಹೊಣೆ ಯಾರದು?"

ಅವಳು ಫೋನೆತ್ತಿದಳು. "ಮಗಾ, ಬಾಗಿಲು ತೆಗೀತೀನಿ."

"ಬೇಡ ಅತ್ತೆ! ಇನ್ನು ಒಂಬತ್ತೇ ದಿನ. ಎಲ್ಲಾ ನೀರಲ್ಲಿ ಹೋಮ ಆಗತ್ತೆ..." ಮಾತು ಅಲ್ಲಿಗೇ ನಿಂತಿತು. ಫೋನು ಹುಡುಗಿಯ ಕೈಯಿಂದ ಜಾರಿ, ಗೋಡೆಗೆ ಟಕ್, ಟಕ್ ಎಂದು ಬಡಿಯುತ್ತ ತೂಗಾಡಿತು.

ಬಾಗಿಲಿನ ಚಕ್ರವನ್ನು ಒಬ್ಬಳಿಂದ ತಿರುಗಿಸಲಾಗದು. ಮಸಿಯಮ್ಮ ಜೋತುಬಿದ್ದಳು. ಬೈಸಿಕೊಂಡ ಪಾಳಿಯವನು ಓಡಿಬಂದು, ಏನೆಂದು ಕೇಳದೆ, ಇನ್ನೊಂದು ಕಡೆ ಹಿಡಿದ.

ನಾಲ್ವರನ್ನೂ ಅಂಗಳಕ್ಕೆ ಎಳೆದು ಹಾಕಿದರು. ನಾಲ್ವರೂ ಉಸಿರಾಡಿದರು. ಮೂವರು ಸಂಜೆಗೆ ಎದ್ದು ಕೂತರು. ತಮ್ಮನ ಮಗಳು ಮರುದಿನ ಕಣ್ಣು ತೆರೆದು, "ಇವತ್ತು ಎಷ್ಟನೇ ದಿನ ಅತ್ತೆ?" ಎಂದಳು.

"ಇಪ್ಪತ್ತೆರಡು, ಮಗಾ."

ಹುಡುಗಿ ತಲೆಯಾಡಿಸಿದಳು. ಕಿಟಕಿಯ ಕಡೆ ನೋಡಿದಳು. ಮತ್ತೆ ಇತ್ತ ತಿರುಗಿದಳು.

"ಇವತ್ತು ಎಷ್ಟನೇ ದಿನ ಅತ್ತೆ?"

ಪಾಳಿಯವನನ್ನು ಬೈದು ಕಳೆದ ಆ ಎರಡು ದಿನವನ್ನು ಮಸಿಯಮ್ಮ ಮತ್ತೆ ಮತ್ತೆ ತೂಗಿ ನೋಡಿದಳು. ಆದರೂ ಹುಡುಗಿ ಕೇಳಿದಷ್ಟು ಸಲವೂ ಎಷ್ಟನೆಯ ದಿನವೆಂದು ಹೇಳಿದಳು, ಅಂದೂ, ಆ ವಾರವೂ, ಆಮೇಲೂ.