ಅಕ್ಕನಾಗಮ್ಮನ ಉಲ್ಲನ್ ಚೀಲ

ಉಲ್ಲನ್ ದಾರದಲ್ಲಿ ಯಾರಾದರೂ ತರಕಾರಿ ಚೀಲ ಹೆಣೆಯುತ್ತಾರೆಯೇ? ನಮ್ಮ ಅಕ್ಕನಾಗಮ್ಮ ಹೆಣೆದಳು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ, ನನ್ನ ನೆಗೆಣ್ಣಿ. ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಒಲೆಯ ಮುಂದೆ ಬೆವರಿ, ಒಂದೇ ಕಲ್ಲಿನ ಮೇಲೆ ಬಟ್ಟೆ ಒಗೆದು ಇಬ್ಬರ ಮಂಡಿಗಳೂ ಸವೆದಿವೆ. ಅವಳನ್ನು ಬಯ್ಯುವ ಹಕ್ಕು ನನಗೆ ಹಾಗೆ ಬಂದದ್ದು.

ಅಕ್ಕನಿಗೆ ಹೆಣಿಗೆ ಯಾರೂ ಕಲಿಸಿದ್ದಲ್ಲ. ಮುರಿದ ಕೊಡೆಯ ಎರಡು ಕಡ್ಡಿಗಳನ್ನು ಒಗೆಯುವ ಕಲ್ಲಿಗೆ ಉಜ್ಜಿ ನುಣುಪು ಮಾಡಿಕೊಂಡಿದ್ದಳು, ಅಷ್ಟೇ ಅವಳ ಸಾಮಾನು. ಅಳತೆ ಇಲ್ಲ, ಪುಸ್ತಕ ಇಲ್ಲ, ಮೊಬೈಲ್ ನೋಡುವುದಂತೂ ಇಲ್ಲವೇ ಇಲ್ಲ. ದಾರ ಸಾಲದಿದ್ದರೆ ಮನೆಯಲ್ಲಿದ್ದ ಯಾವುದಾದರೂ ಹಳೆಯದನ್ನು ಬಿಚ್ಚುವುದು. ನನ್ನ ಗಂಡನ ಕಂದು ಮಫ್ಲರ್ ಒಂದು ಚಳಿಗಾಲಕ್ಕೆ ರೇಡಿಯೋದ ಹೊದಿಕೆಯಾಯಿತು, ಮುಂದಿನ ಚಳಿಗಾಲಕ್ಕೆ ಮಿಕ್ಸಿಯದು. ಮಧ್ಯಾಹ್ನ ಪಾತ್ರೆ ಬೋರಲು ಹಾಕಿ ಹಿತ್ತಲ ಮೆಟ್ಟಿಲ ಮೇಲೆ ಕೂತಳೆಂದರೆ ಅವಳ ಮುಖವೇ ಬೇರೆ. "ಇದು ಕೈಯಾಗಿದ್ರೆ ಕಾಲುನೋವು ನೆನಪಾಗಲ್ಲ ನೋಡೇ ಭುವನಾ," ಅನ್ನುತ್ತಿದ್ದಳು.

ಆ ಸುಖಕ್ಕೂ ಕಲ್ಲು ಬಿತ್ತು. ಅವಳ ಮಗಳು ಅಂಕಿತಾಳನ್ನು ಹರಿಹರಕ್ಕೆ ಕೊಟ್ಟಿದ್ದೆವು. ಬಸುರಿ ಎಂದು ತಿಳಿದದ್ದೇ ತಡ, ಅಕ್ಕ ಪೇಟೆಗೆ ಹೋಗಿ ಬಿಳಿ ಉಲ್ಲನ್ ತಂದು ಕುಂಚಿಗೆ ಹೆಣೆಯಲು ಕೂತಳು. ಕೂಸಿನ ತಲೆ, ಕಿವಿ, ಬೆನ್ನು ಎಲ್ಲ ಮುಚ್ಚುವ ಕುಂಚಿಗೆ. ಕೂಸು ಹುಟ್ಟುವ ಮೊದಲು ಅದಕ್ಕೆ ಬಟ್ಟೆಬರೆ ಸಿದ್ಧ ಮಾಡಬಾರದು ಎನ್ನುವುದು ನಮ್ಮ ಮನೆಯ ಪದ್ಧತಿ. ಅಕ್ಕನಿಗೂ ಗೊತ್ತಿತ್ತು, ಆಸೆ ತಡೆಯಲಿಲ್ಲ. ಆ ಬಸಿರು ನಿಲ್ಲಲಿಲ್ಲ. ಮರುವರ್ಷ ಮತ್ತೆ ಹೆಣೆದಳು, ಅದೂ ನಿಲ್ಲಲಿಲ್ಲ. ಎರಡು ಸಲವೂ ಕುಂಚಿಗೆ ಬಿಚ್ಚಿ, ಸುಕ್ಕಾದ ದಾರ ತೊಳೆದು, ತುದಿಗೆ ಚೊಂಬು ಕಟ್ಟಿ ನೇತುಹಾಕಿ ನೆಟ್ಟಗೆ ಮಾಡಿದವಳೂ ಅವಳೇ. ಡಾಕ್ಟರು ಏನೇನೋ ಕಾರಣ ಹೇಳಿದರು. ಅಕ್ಕ ಕೇಳಬೇಕಲ್ಲ! "ನನ್ನ ಕೈಗುಣಾನೇ ಸರಿ ಇಲ್ಲ," ಎಂದು ಕಡ್ಡಿಗಳನ್ನು ಅಟ್ಟಕ್ಕೆ ಎಸೆದಳು.

ಅಂಕಿತಾ ಮತ್ತೆ ಬಸುರಾದಾಗ ಮನೆಯಲ್ಲಿ ಯಾರೂ ಆ ಮಾತನ್ನೇ ಎತ್ತಲಿಲ್ಲ. ಬಸುರಿಗೆ ಮಾಡುವ ಕುಬುಸದ ಶಾಸ್ತ್ರವನ್ನೂ ಅಕ್ಕ ಬೇಡವೆಂದಳು. ಏಳು ತಿಂಗಳು ದಾಟಿದ ಮೇಲೆ ಒಂದು ಮಧ್ಯಾಹ್ನ ನೋಡುತ್ತೇನೆ, ಹಿತ್ತಲ ಮೆಟ್ಟಿಲ ಮೇಲೆ ಅದೇ ಕಡ್ಡಿ, ಅದೇ ಬಿಳಿ ದಾರ.

"ಅಕ್ಕಾ, ನಿಂಗೇನ್ ತಲಿ ಕೆಟ್ಟೈತಾ? ಮತ್ತೆ ಅದಾ?"

"ಏಯ್, ಬಾಯ್ ಮುಚ್ಚು. ಇದು ಚೀಲ. ಸಂತಿ ಚೀಲ."

"ಕೂಸಿನ ಉಲ್ಲನ್ನಿನಾಗ?"

"ಚೀಲ ಅಂದ್ನಲ್ಲ!"

ಚೀಲವೇ ಆಯಿತು. ಉದ್ದನೆಯ ಪಟ್ಟಿ ಹೆಣೆದು, ನಡುವೆ ಮಡಚಿ, ಎರಡು ಪಕ್ಕ ಹೊಲಿದು, ಬಾಯಿಗೆ ಮಫ್ಲರಿನ ಕಂದು ದಾರದ ಎರಡು ಹಿಡಿಕೆ ಹಾಕಿದಳು. ಸುಳ್ಳನ್ನು ಗಟ್ಟಿ ಮಾಡಬೇಕಲ್ಲ, ದಿನವೂ ಅದನ್ನೇ ಹಿಡಿದು ಸೊಪ್ಪು ತರಲು ಹೊರಟಳು. ಸೊಪ್ಪು ಮಾರುವ ಹಜೀರಾಬೀ, "ಇಷ್ಟು ನಾಜೂಕ್ ಚೀಲಕ್ಕೆ ಆಲೂಗಡ್ಡೆ ಹಾಕ್ಲೇನ್ರಿ ಅಮ್ಮಾ?" ಎಂದು ನಕ್ಕರೆ, "ಹಾಕ್ರಿ, ಚೀಲ ಇರೋದೇ ಅದಕ್ಕೆ," ಎಂದು ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು. ಯಾರಿಗೆ ಕೇಳಿಸಬೇಕಿತ್ತೋ ಶಿವನೇ ಬಲ್ಲ. ಮನೆಗೆ ಬಂದು ತೊಳೆದು ಒಣಹಾಕುವಳು, ಮರುದಿನ ಮತ್ತೆ ಹೊರಡುವಳು. ಹರಿಹರಕ್ಕೆ ಮಗಳನ್ನು ನೋಡಲು ಹೋದಾಗಲೂ ಕೈಯಲ್ಲಿ ಅದೇ ಚೀಲ. ನೋಡಿ ನೋಡಿ ನನಗೇ ಸುಸ್ತಾಗಿತ್ತು.

ಚಳಿಗಾಲದ ಒಂದು ಬೆಳಿಗ್ಗೆ, ದಿನ ತುಂಬುವ ಮೊದಲೇ, ಹರಿಹರದಿಂದ ಅಳಿಯ ಮಹಾಂತೇಶ್ ಫೋನ್ ಮಾಡಿದ. ಅಕ್ಕ ಆಗಷ್ಟೇ ಕೊತ್ತಂಬರಿ ತಂದಿದ್ದಳು, ಚೀಲ ಕೈಯಲ್ಲೇ ಇತ್ತು. ಹಾಗೆಯೇ ಬಸ್ಸು ಹತ್ತಿದೆವು. ಆಸ್ಪತ್ರೆ ಸೇರುವಷ್ಟರಲ್ಲಿ ಹೆರಿಗೆಯಾಗಿತ್ತು. ಹೆಣ್ಣುಕೂಸು, ಇಷ್ಟೇ ಇಷ್ಟು, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದರು.

"ಥಂಡಿ ಐತ್ರಿ, ಮೇಲೆ ಬೆಚ್ಚಗಿರೋದು ಏನಾರ ಕೊಡ್ರಿ," ಎಂದಳು ನರ್ಸ್.

ಮಹಾಂತೇಶನ ಮನೆಯವರು ಮುಖ ಮುಖ ನೋಡಿಕೊಂಡರು. ಯಾರೂ ಏನೂ ತಂದಿರಲಿಲ್ಲ. ತರುವ ಧೈರ್ಯ ಯಾರಿಗಿತ್ತು? ಅಕ್ಕ ಚೀಲವನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ತನ್ನ ಕೈಯಿಂದ ಕೊಡಲು ಅವಳಿಗೆ ಭಯ.

ಮಂಚದಿಂದ ಅಂಕಿತಾಳ ಸೋತ ದನಿ ಬಂತು. "ಅಮ್ಮಾ, ಚೀಲ ಕೊಡು."

"ಇದು ಸೊಪ್ಪಿನ ಚೀಲ ಕಣವ್ವಾ..."

"ಗೊತ್ತೈತೆ. ಹಿಡಿಕೆ ಗದ್ದದ ಕೆಳಗ ಕಟ್ಟಕ್ಕೆ ಬರತೈತೆ ಅಂತಾನೂ ಗೊತ್ತೈತೆ. ಕೊಡು."

ನಾನೇ ಚೀಲ ಕಸಿದು ಕೊತ್ತಂಬರಿಯನ್ನು ಕಿಟಕಿಯ ಕಟ್ಟೆಗೆ ಸುರಿದು ಕೊಡವಿ, ಮತ್ತೆ ಅವಳ ಕೈಗೇ ಕೊಟ್ಟೆ. ಅಕ್ಕ ಒಂದು ಪಕ್ಕದ ಹೊಲಿಗೆಯ ಗಂಟನ್ನು ಹಲ್ಲಿನಿಂದ ಕಡಿದು ಎಳೆದಳು. ಸರ್ರನೆ ಬಿಚ್ಚಿತು, ಬಿಚ್ಚಲೆಂದೇ ಹೊಲಿದಿದ್ದಳು. ಮಡಿಕೆ ನೆತ್ತಿಗೆ ಬಂತು, ಇನ್ನೊಂದು ಹೊಲಿಗೆ ಬೆನ್ನಿಗೆ, ಕಂದು ಹಿಡಿಕೆಗಳು ಗದ್ದದ ಕೆಳಗೆ. ಸೀರೆಯ ತುಂಡಿನ ಮೇಲೆ ಅದನ್ನು ಕಟ್ಟಿದಾಗ ಕೂಸು ಒಂದು ಸಲ ಸೀನಿ ಸುಮ್ಮನಾಯಿತು.

ಅಕ್ಕ ಮಂಚದ ಪಕ್ಕ ನೆಲದ ಮೇಲೆಯೇ ಕುಸಿದು ಕೂತಳು. ಎರಡೂ ಅಂಗೈ ತಿರುಗಿಸಿ ನೋಡಿಕೊಂಡಳು.

"ಭುವನಾ, ನನ್ನ ಕೈಗುಣ ಕೆಟ್ಟದ್ದಲ್ಲ, ಅಲ್ಲೇನೇ?"

ಚೆನ್ನಾಗಿ ಬಯ್ಯಬೇಕೆಂದು ಬಾಯಿ ತೆರೆದೆ. ಅಳು ಬಂತು. ಅವಳ ಪಕ್ಕ ಕೂತು ಆ ಕೈಗಳನ್ನು ಹಿಡಿದುಕೊಂಡೆ, ಕೊತ್ತಂಬರಿಯ ವಾಸನೆ ಇನ್ನೂ ಇತ್ತು.