ದಹಿನೇ ಮುಡ್ ಅಂದರೆ ಎಡಕ್ಕೆ

ನನ್ನನ್ನು ನೋಡಲು ಫೌಜಿನವನೊಬ್ಬ ಬರುತ್ತಾನೆ ಎಂದಾಗಲೇ, ಬೇಡ ಎಂದುಬಿಡಬೇಕು ಅಂತ ಗಟ್ಟಿ ಮಾಡಿಕೊಂಡಿದ್ದೆ. ಮಂಗಸೂಳಿಯ ನಮ್ಮ ಮನೆಯಲ್ಲಿ ಹುಕುಂ ಮಾಡಲು ಅಪ್ಪ ಒಬ್ಬರೇ ಸಾಕಾಗಿದ್ದರು. ದ್ರಾಕ್ಷಿ ಬಳ್ಳಿಗಳೂ ಅವರನ್ನು ಕೇಳಿಯೇ ಚಿಗುರುತ್ತವೇನೋ ಅನ್ನಿಸುತ್ತಿತ್ತು. ಅಂಥ ಇನ್ನೊಬ್ಬನ ಕೈಗೆ ಹೋಗಿ ಬೀಳುವ ಹಣೆಬರಹ ನನಗೇಕೆ?

ಅವನು ರಾಯಬಾಗದಿಂದ ತನ್ನ ತಂದೆಯೊಂದಿಗೆ ಬಂದ. ಪಡಸಾಲೆಯಲ್ಲಿ ಬೆನ್ನು ಸೆಟೆದು ಕೂತ. ಕೇಳಿದ್ದಕ್ಕೆಲ್ಲ "ಹೌದ್ರಿ", "ಇಲ್ರಿ", ಅಷ್ಟೇ. ಅಪ್ಪನಿಗೆ ಖುಷಿಯೋ ಖುಷಿ. "ನೋಡ್ರಿ, ಶಿಸ್ತು ಅಂದ್ರ ಹಿಂಗಿರಬೇಕ," ಎಂದು ಅವನ ತಂದೆಗೇ ಹೇಳಿದರು. ನಾನು ಅವಲಕ್ಕಿಯ ತಾಟು ಕೊಟ್ಟು ಪಕ್ಕದ ಗೋಡೆಗೆ ಒರಗಿ ನಿಂತೆ.

ಅಣ್ಣನ ಮಕ್ಕಳು ಹಚ್ಚಿಟ್ಟ ಟಿವಿಯಲ್ಲಿ ಹಳೆಯದೊಂದು ಕಪ್ಪು-ಬಿಳುಪು ಇಂಗ್ಲಿಷ್ ಸಿನಿಮಾ ಓಡುತ್ತಿತ್ತು. ಒಬ್ಬ ಗುಂಡ, ಒಬ್ಬ ಕಡ್ಡಿ. ಇಬ್ಬರೂ ಅದು ಹೇಗೋ ಮಿಲಿಟರಿ ಸೇರಿಬಿಟ್ಟಿದ್ದರು. ಕವಾಯತಿನಲ್ಲಿ ಎಲ್ಲರೂ ಬಲಕ್ಕೆ ತಿರುಗಿದರೆ ಗುಂಡ ಮಾತ್ರ ಎಡಕ್ಕೆ ತಿರುಗಿದ, ಅವನ ಬಂದೂಕು ಕಡ್ಡಿಯ ಮೂಗಿಗೆ ಬಡಿಯಿತು. ಅಷ್ಟೇ, ನಮ್ಮ ಫೌಜಿನವನ ಬಾಯಿಂದ ಅವಲಕ್ಕಿ ಹಾರಿತು. ನಕ್ಕು ನಕ್ಕು ಅವನ ಕಣ್ಣಲ್ಲಿ ನೀರು.

"ನಂದೂ ಹಿಂಗ ಆಗಿತ್ರಿ!" ಎಂದು ಎದ್ದೇಬಿಟ್ಟ. "ಸಾಬ್ ದಹಿನೇ ಮುಡ್, ಬಲಕ್ಕ ತಿರುಗು ಅಂದ್ರ, ನಾ ಹಿಂಗ..." ತಾಟು ಹಿಡಿದುಕೊಂಡೇ ಗಕ್ಕನೆ ಎಡಕ್ಕೆ ತಿರುಗಿದ. ನನ್ನ ಮುಖದೆದುರೇ ಅವನ ಮುಖ.

"ಕುಂದ್ರಲೇ, ಮಾನ ಕಳೀಬ್ಯಾಡ," ಎಂದು ಅವನ ತಂದೆ ಗದರಿದರು.

ಅವರು ಹೋದ ಮೇಲೆ ಅಪ್ಪನ ಮುಖ ಹುಳ್ಳಗಾಗಿತ್ತು. "ಇಂವಾ ಎಂಥಾ ಫೌಜಿ? ಬ್ಯಾಡ ತಗಿ."

"ಅಪ್ಪಾ, ನನಗ ಇಂವನ ಬೇಕು," ಎಂದೆ. ಆ ಮನೆಯಲ್ಲಿ ನಾನು ಎದುರಾಡಿದ್ದು ಅದೇ ಮೊದಲು. ಅವ್ವ ಒಳಗಿನಿಂದ ಬಂದು ನನ್ನನ್ನೇ ನೋಡಿದಳು.

ಈಗ ರಜೆ ಮುಗಿಸಿ ಅವನು ಹೊರಡುವಾಗಲೆಲ್ಲ ನಾನು, ಮಗಳು ರಾಯಬಾಗ ಸ್ಟೇಷನ್ನಿಗೆ ಹೋಗುತ್ತೇವೆ. ರೈಲು ಬಂದು ನಿಂತ ಕೂಡಲೇ ಮಗಳು "ದಹಿನೇ ಮುಡ್!" ಎಂದು ಕೂಗುತ್ತಾಳೆ. ಹೆಗಲ ಮೇಲಿನ ಚೀಲದ ಸಮೇತ ಅವನು ಎಡಕ್ಕೆ ತಿರುಗುತ್ತಾನೆ. ರೈಲಿಗೆ ಬೆನ್ನು, ನಮ್ಮ ಕಡೆ ಮುಖ. ಸುತ್ತ ನಿಂತವರು ನಗುತ್ತಾರೆ. ನಾನೂ ನಗುತ್ತೇನೆ.

ಆಮೇಲೆ ಅವನು ಸರಿಯಾಗಿ ತಿರುಗುತ್ತಾನೆ. ಅದನ್ನು ಮಾತ್ರ ನನ್ನಿಂದ ನೋಡಲಾಗುವುದಿಲ್ಲ.